ಮರದ ಗೂಡಿನ ಮೋಟಾರು

ಕ್ರಿಕೆಟ್ ಆಟದ ಸ್ಟಂಪಿಗೂ ಇಂಗ್ಲೆಂಡಿನ ದುಬಾರಿ ಕಾರೊಂದಕ್ಕೂ ಏನು ನಂಟು? ಎರಡಕ್ಕೂ ಒದಗುವುದು ಆಶ್ ಎಂಬ ಮರ. ಆ ಕಾರಿನ ಹೆಸರು ಮಾರ್ಗನ್.

ಮಾಲ್ವರ್ನ್ ಬೆಟ್ಟಗಳ ಮಗ್ಗುಲಿನ ಊರಿನಲ್ಲಿ ಎಚ್.ಎಫ್.ಎಸ್. ಮಾರ್ಗನ್ 1909ರಲ್ಲಿ ಮೂರು ಚಕ್ರದ ಗಾಡಿಯೊಂದನ್ನು ಕಟ್ಟಿದರು. ನಾಲ್ಕು ಚಕ್ರದ 'ಫೋರ್-ಫೋರ್' ಬಂದದ್ದು 1936ರಲ್ಲಿ. ನೀಳವಾದ ಮೂತಿ, ಅಲೆಯಂತೆ ಇಳಿಯುವ ಮಡ್‌ಗಾರ್ಡು, ಕಟ್ಟಿ ಬಿಗಿದ ಚರ್ಮದ ಪಟ್ಟಿ. ಅಂದಿನ ಆ ಚಹರೆಯನ್ನು ಇಂದಿನ ಮಾರ್ಗನ್ ಕಾರುಗಳಲ್ಲೂ ಗುರುತಿಸಬಹುದು.

ಈ ಕಾರಿನ ಚಾಸಿಸ್ಸೇ ಮರದ್ದೆಂದು ಹಲವರು ನಂಬಿದ್ದಾರೆ. ಅದು ತಪ್ಪು. ಚಾಸಿಸ್ ಲೋಹದ್ದು. ಅದರ ಮೇಲೆ ಆಶ್ ಮರದ ಗೂಡು, ಗೂಡಿನ ಮೇಲೆ ಕೈಯಿಂದ ಹೊಂದಿಸಿದ ತಗಡಿನ ಹೊದಿಕೆ.

ಆಶ್ ಮರವೇ ಏಕೆ? ಇದರ ನಾರುಗಳು ಉದ್ದ ಮತ್ತು ನೇರ. ಪೆಟ್ಟು ಬಿದ್ದರೆ ಬಳುಕಿ ತಾಳಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಕೊಡಲಿ, ಸುತ್ತಿಗೆಗಳ ಹಿಡಿಗೂ ಇದನ್ನೇ ಬಳಸುತ್ತಿದ್ದರು.

ಹಿಂಚಕ್ರದ ಮೇಲಿನ ಕಮಾನನ್ನು ಬಡಗಿಗಳು ದಪ್ಪ ಹಲಗೆಯಿಂದ ಕೆತ್ತುವುದಿಲ್ಲ. ತೆಳುವಾದ ಪಟ್ಟಿಗಳಿಗೆ ಅಂಟು ಸವರಿ, ಒಂದರ ಮೇಲೊಂದಿಟ್ಟು, ಅಚ್ಚಿನಲ್ಲಿ ಬಾಗಿಸಿ ಬಿಗಿಯುತ್ತಾರೆ. ಪಟ್ಟಿಯ ದಪ್ಪ ಅರ್ಧವಾದರೆ ಅದನ್ನು ಅಷ್ಟೇ ಬಾಗಿಸಲು ಬೇಕಾದ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ನಿಮ್ಮ ನೋಟ್‌ಬುಕ್ಕನ್ನೇ ಬಾಗಿಸಿ ನೋಡಿ: ಹಾಳೆಗಳು ಒಂದರ ಮೇಲೊಂದು ಜಾರುವುದರಿಂದ ಅದು ಸುಲಭವಾಗಿ ಬಾಗುತ್ತದೆ. ಬಾಗಿದ ಸ್ಥಿತಿಯಲ್ಲೇ ಹಾಳೆಗಳೆಲ್ಲ ಅಂಟಿಕೊಂಡರೆ? ಆ ಜಾರುವಿಕೆ ನಿಂತು, ಬಾಗು ಹಾಗೆಯೇ ಉಳಿಯುತ್ತದೆ. ಕಮಾನಿನ ಗುಟ್ಟು ಇಷ್ಟೇ.

ಇಂಥ ಕೆಲಸಕ್ಕೆ ಸಮಯ ಬೇಕು. 1990ರಲ್ಲಿ ಪ್ರಸಾರವಾದ ಬಿಬಿಸಿಯ 'ಟ್ರಬಲ್‌ಶೂಟರ್' ಕಾರ್ಯಕ್ರಮಕ್ಕಾಗಿ, ಐಸಿಐ ಕಂಪನಿಯ ಮಾಜಿ ಅಧ್ಯಕ್ಷ ಸರ್ ಜಾನ್ ಹಾರ್ವೆ-ಜೋನ್ಸ್ ಈ ಕಾರ್ಖಾನೆಗೆ ಬಂದರು. ಕೊಳ್ಳುವವರು ವರ್ಷಗಟ್ಟಲೆ ಕಾಯಬೇಕಿತ್ತು. ಕೆಲಸದ ರೀತಿ ಬದಲಿಸಿ, ಉತ್ಪಾದನೆ ಹೆಚ್ಚಿಸಿ, ಬೆಲೆ ಏರಿಸಿ ಎಂದು ಅವರು ಸಲಹೆ ಕೊಟ್ಟರು. ಮಾಲೀಕ ಪೀಟರ್ ಮಾರ್ಗನ್ ಮತ್ತು ಮಗ ಚಾರ್ಲ್ಸ್ ಒಪ್ಪಲಿಲ್ಲ. ಈ ಚಾರ್ಲ್ಸ್ ಹಿಂದೆ ದೂರದರ್ಶನದ ಸುದ್ದಿ ಕ್ಯಾಮೆರಾಮನ್ ಆಗಿದ್ದವರು! ಕಾರ್ಯಕ್ರಮ ಪ್ರಸಾರವಾಯಿತು, ಬೇಡಿಕೆ ಕುಗ್ಗುವ ಬದಲು ಇನ್ನೂ ಹೆಚ್ಚಿತು.

ಹಾಗಾದರೆ ತಜ್ಞರು ಸೋತರೇ? ಆತುರದ ತೀರ್ಮಾನ ಬೇಡ. 1960ರ ದಶಕದಲ್ಲಿ ಇದೇ ಕಂಪನಿ ಫೈಬರ್‌ಗ್ಲಾಸಿನ ಹೊಸ ರೂಪದ ಕಾರು ಮಾಡಿತ್ತು. ತಯಾರಾದದ್ದು 26 ಮಾತ್ರ. ರೂಪ ಬದಲಿಸಿದ್ದನ್ನು ಗ್ರಾಹಕರು ಮೆಚ್ಚಲಿಲ್ಲ. ಆದರೆ ಒಳಗಿನ ಬದಲಾವಣೆ ತಪ್ಪಲಿಲ್ಲ. 2000ದಲ್ಲಿ ಬಂದ 'ಏರೋ 8' ಕಾರಿಗೆ ಅಂಟಿನಿಂದ ಬೆಸೆದ ಅಲ್ಯೂಮಿನಿಯಂ ಚಾಸಿಸ್ ಇತ್ತು. 1936ರಿಂದ ನಡೆದುಬಂದ ಉಕ್ಕಿನ ಚಾಸಿಸ್ 2020ರಲ್ಲಿ ನಿಂತಿತು. 2019ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಾರ್ಗನ್ ಕುಟುಂಬದ ಕೈಬಿಟ್ಟು ಇಟಲಿ ಮೂಲದ ಹೂಡಿಕೆದಾರರಿಗೆ ಹೋಯಿತು. ಆದರೂ ನಾಲ್ಕು ಚಕ್ರದ ಮಾರ್ಗನ್‌ನೊಳಗೆ ಆಶ್ ಮರದ ಗೂಡು ಇಂದಿಗೂ ಉಳಿದಿದೆ.

ಕೊನೆಗೊಂದು ಸ್ವಂತ ಮಾತು. ಒಮ್ಮೆ ನಾನು ಬಡಗಿಯೊಬ್ಬರ ಎರಡು ದಿನದ ಕೆಲಸವನ್ನು ಚಿತ್ರಿಸಿ, ಸಂಕಲನದಲ್ಲಿ ನಲವತ್ತು ಸೆಕೆಂಡಿಗೆ ಇಳಿಸಿದೆ. ಅದನ್ನು ನೋಡಿದ ಅವರು, "ಕೆಲಸ ಇಷ್ಟು ಸುಲಭವೆಂದು ಹುಡುಗರು ತಿಳಿದುಕೊಂಡಾರು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಯಾವುದನ್ನು ಬೇಗ ಮಾಡಬೇಕು, ಯಾವುದಕ್ಕೆ ಹೊತ್ತು ಕೊಡಬೇಕು ಎಂಬುದನ್ನು ಹೊರಗಿನಿಂದ ಒಂದು ಗಳಿಗೆ ನೋಡಿ ಹೇಳಲಾಗದು. ಮುಂದೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುತ್ತೀರಿ, ಕೆಲವರು ಸಲಹೆಗಾರರು. ಸಲಹೆ ಕೊಡುವ ಮುನ್ನ ಕೆಲಸಗಾರನ ಪಕ್ಕದಲ್ಲಿ ಒಂದು ಇಡೀ ದಿನ ನಿಂತು ನೋಡಿ.