ಮದ್ದಿಗೆ ಬಗ್ಗದ ಮಲೇರಿಯಾ

(ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ಉಪನ್ಯಾಸ)



ಗುಂಡ್ಲುಪೇಟೆಯಿಂದ ಗೂಡಲೂರು ಹಾದು ಊಟಿಗೆ ಹೋಗುವ ದಾರಿಯಲ್ಲಿ ನಡುವಟ್ಟಂ ಸಿಗುತ್ತದೆ. 1860ರ ದಶಕದಲ್ಲಿ ಬ್ರಿಟಿಷರು ಆ ನೀಲಗಿರಿ ಬೆಟ್ಟಗಳಲ್ಲಿ ಸಿಂಕೋನಾ ಮರ ಬೆಳೆಸಿದರು. ಅದರ ತೊಗಟೆಯ ಕ್ವಿನೈನ್ ಬಹುಕಾಲ ಮಲೇರಿಯಾಕ್ಕೆ ಮುಖ್ಯ ಮದ್ದಾಗಿತ್ತು. ನಂತರ ಅಗ್ಗದ ಕ್ಲೋರೋಕ್ವಿನ್ ಮಾತ್ರೆ ಬಂದಿತು. ಆದರೆ 1973ರಲ್ಲಿ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ ಈ ಮಾತ್ರೆಗೂ ಫಾಲ್ಸಿಪೇರಂ ಮಲೇರಿಯಾ ಬಗ್ಗದಿರುವುದು ನಮ್ಮ ದೇಶದಲ್ಲಿ ಮೊದಲ ಬಾರಿಗೆ ವರದಿಯಾಯಿತು.

ಹೀಗೇಕೆ? ಹತ್ತಿ ಬೆಳೆಯುವ ರೈತರಿಗೆ ಇದು ಗೊತ್ತು. ಒಂದೇ ಔಷಧಿಯನ್ನು ವರ್ಷವರ್ಷವೂ ಹೊಡೆದರೆ ಅದನ್ನು ತಡೆದುಕೊಂಡ ಹುಳುಗಳಷ್ಟೇ ಉಳಿದು ಮರಿ ಮಾಡುತ್ತವೆ. ಮಲೇರಿಯಾ ರೋಗಾಣುವಿನದೂ ಇದೇ ಕಥೆ. ಅದು ನಮ್ಮ ರಕ್ತದ ಕೆಂಪುಕಣದೊಳಗೆ ಕುಳಿತು, ತನ್ನ ಪುಟ್ಟ ಚೀಲವೊಂದರಲ್ಲಿ ರಕ್ತದ ಸಾರವನ್ನು ಜೀರ್ಣಿಸುತ್ತದೆ. ಕ್ಲೋರೋಕ್ವಿನ್ ಆ ಚೀಲದಲ್ಲಿ ಸೇರಿ ಅದನ್ನು ಕೊಲ್ಲುತ್ತದೆ. ರೋಗಾಣುವಿನ ಒಂದು ವಂಶವಾಹಿಯಲ್ಲಿ ಸಣ್ಣ ಬದಲಾವಣೆಯಾದರೆ ಮದ್ದು ಚೀಲದಿಂದ ಹೊರಗೆ ಹೋಗಿಬಿಡುತ್ತದೆ. ಈ ವಂಶವಾಹಿಯನ್ನು ವಿಜ್ಞಾನಿಗಳು 2000ದಲ್ಲಿ ಗುರುತಿಸಿದರು. ಈಗ ಒಂದು ಹನಿ ರಕ್ತದಿಂದ ಸಂಶೋಧನಾಲಯದಲ್ಲಿ ಈ ಗುರುತನ್ನು ಪತ್ತೆಮಾಡಬಹುದು. ಇದು ಪ್ರತಿ ರೋಗಿಗೂ ಮಾಡುವ ಪರೀಕ್ಷೆಯಲ್ಲ; ಯಾವ ಸೀಮೆಗೆ ಯಾವ ಮದ್ದು ಎಂದು ಸರ್ಕಾರ ತೀರ್ಮಾನಿಸಲು ನೆರವಾಗುವ ಪರೀಕ್ಷೆ.

ಹೀಗಾಗಿ 2010ರಲ್ಲಿ ದೇಶದಾದ್ಯಂತ ಫಾಲ್ಸಿಪೇರಂಗೆ ಆರ್ಟೆಸುನೇಟ್ ಸೇರಿದ ಜೋಡಿ ಮದ್ದು ಜಾರಿಗೆ ಬಂದಿತು. ಜೋಡಿಯ ಎರಡನೆಯ ಮದ್ದು ಈಶಾನ್ಯ ರಾಜ್ಯಗಳಲ್ಲಿ ಸೋತದ್ದರಿಂದ 2013ರಲ್ಲಿ ಅಲ್ಲಿ ಬೇರೆ ಜೋಡಿ ಕೊಡಲಾಯಿತು. ಆರ್ಟೆಸುನೇಟ್ ಜಾತಿಯ ಮದ್ದನ್ನು ತಡೆಯುವ ವಂಶವಾಹಿ ಗುರುತು 2014ರಲ್ಲಿ ಕಾಂಬೋಡಿಯಾದ ರೋಗಾಣುಗಳಲ್ಲಿ ತಿಳಿಯಿತು. ಬಳಿಕ ಆಫ್ರಿಕಾದ ರುವಾಂಡಾ, ಉಗಾಂಡಾಗಳಲ್ಲೂ ಕಂಡಿತು. ಇದು ಕೈತಪ್ಪಿದರೆ ಮುಂದಿನ ಮದ್ದು ಸುಲಭವಾಗಿ ಸಿಗದು.

ಆದ್ದರಿಂದ ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು:

1. ಚಳಿಜ್ವರ ಬಂದರೆ ಅಂಗಡಿಯಲ್ಲಿ ಎರಡು ಮಾತ್ರೆ ಕೊಂಡು ನುಂಗಬೇಡಿ. ಮೊದಲು ರಕ್ತಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಮದ್ದೂ ಉಚಿತ.

2. ಕೂಲಿಗೆ, ಕಟ್ಟಡ ಕೆಲಸಕ್ಕೆ ಮಂಗಳೂರಿಗೋ ಹೊರರಾಜ್ಯಕ್ಕೋ ಹೋಗಿ ಬಂದಿದ್ದರೆ ಯಾವ ಊರು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

3. ಜ್ವರ ಇಳಿಯಿತೆಂದು ಮದ್ದು ನಿಲ್ಲಿಸಬೇಡಿ. ಉಳಿದ ಮಾತ್ರೆಯನ್ನು ನೆರೆಯವರಿಗೆ ಕೊಡಬೇಡಿ.

4. ವೈವ್ಯಾಕ್ಸ್ ಮಲೇರಿಯಾಕ್ಕೆ ಇಂದಿಗೂ ಕ್ಲೋರೋಕ್ವಿನ್ ಕೊಡುತ್ತೇವೆ. ಅದರ ರೋಗಾಣು ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ನಂತರ ಮತ್ತೆ ಏಳಬಹುದು. ಅದಕ್ಕಾಗಿ 14 ದಿನ ಪ್ರೈಮಾಕ್ವಿನ್ ಇರುತ್ತದೆ. ಗರ್ಭಿಣಿಯರಿಗೂ ಎಳೆಗೂಸುಗಳಿಗೂ ಇದು ಸಲ್ಲದು. ಮಾತ್ರೆ ಶುರುವಾದ ಮೇಲೆ ಮೂತ್ರ ಕಪ್ಪಾದರೆ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಬನ್ನಿ.

ರೋಗಿಯ ಪಕ್ಕದಲ್ಲಿ ಕುಳಿತ ಬಂಧುಗಳೇ, ಮಾತ್ರೆಗಳನ್ನು ದಿನದಿನ ಎಣಿಸಿ ಕೊಡುವುದು ತಮ್ಮ ಕೆಲಸ. ಅದೂ ಒಂದು ಕಾಯಕವೇ. ತಮ್ಮವರ ಜೀವದೊಂದಿಗೆ ಊರಿನ ಮದ್ದೂ ಉಳಿಯುತ್ತದೆ.