ಮದರಾಸಿನಲ್ಲಿ ಕಂಡ ‘ಏಷ್ಯಾ’
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರೂ ನಿಮ್ಮಲ್ಲಿದ್ದೀರಿ. ಹಾಗಾಗಿ ಇನ್ನೊಂದು ರಾತ್ರಿ ಪಾಳಿಯ ಮಾತನ್ನೇ ಆಡುತ್ತೇನೆ. ಅದು ನಡೆದದ್ದು ನಮ್ಮ ಈ ಊರಿನ ನುಂಗಂಬಾಕದಲ್ಲಿ. ಈಗ ಹವಾಮಾನ ಇಲಾಖೆಯ ಕಚೇರಿ ಇರುವಲ್ಲಿ ಹಿಂದೆ ಒಂದು ಖಗೋಳ ವೀಕ್ಷಣಾಲಯವಿತ್ತು.

1861ರಲ್ಲಿ ಅದರ ಮುಖ್ಯಸ್ಥರಾಗಿ ನಾರ್ಮನ್ ಪೋಗ್ಸನ್ ಎಂಬ ದೊರೆ ಬಂದರು. ಬಂದ ಕೆಲವೇ ವಾರಗಳಲ್ಲಿ, ಏಪ್ರಿಲ್ 17ರಂದು, ಅವರ ಕಣ್ಣಿಗೆ ಹೊಸದೊಂದು ಚುಕ್ಕೆ ಬಿತ್ತು. ಮಂಗಳ, ಗುರು ಇವೆರಡರ ನಡುವೆ ಸೂರ್ಯನನ್ನು ಸುತ್ತುವ ಕಿರುಗ್ರಹ ಅದು. 1801ರಲ್ಲಿ ಸಿಸಿಲಿಯ ಪಿಯಾಜಿ ‘ಸಿರೀಸ್’ ಕಂಡಂದಿನಿಂದ ಎಣಿಸಿದರೆ ಪಟ್ಟಿಯಲ್ಲಿ 67ನೆಯದು. ಏಷ್ಯಾ ಖಂಡದಿಂದ ಕಂಡದ್ದರಲ್ಲಿ ಮೊದಲನೆಯದು. ಅದಕ್ಕೇ ‘ಏಷ್ಯಾ’ ಎಂದು ಹೆಸರಿಟ್ಟರು.

ಇಂಥವನ್ನು ಫೋಟೋ ತೆಗೆದು ಹುಡುಕುವ ಪದ್ಧತಿ ಬಂದದ್ದು 1891ರಲ್ಲಿ. ಅಲ್ಲಿಯವರೆಗೆ ದುರ್ಬೀನಿನಲ್ಲೊಂದು ಕಣ್ಣು, ನಕ್ಷತ್ರಪಟದ ಮೇಲೊಂದು ಕಣ್ಣು. ಪಟದಲ್ಲಿಲ್ಲದ ಚುಕ್ಕೆ ಕಂಡರೆ ಗುರುತು ಹಾಕಿಕೊಂಡು ಮರುರಾತ್ರಿ ಮತ್ತೆ ನೋಡಬೇಕು. ಇದ್ದಲ್ಲೇ ಇದ್ದರೆ ನಕ್ಷತ್ರ, ಸರಿದಿದ್ದರೆ ಕಿರುಗ್ರಹ. ನಡುವೆ ಮೋಡ ಕವಿದರೆ ಕೆಟ್ಟಿತು ಕೆಲಸ! ಹೊಸ ಗಿರಾಕಿ ಯಾರೆಂದು ಹೇಳಬೇಕಾದರೆ ಹಳಬರ ಮುಖವೆಲ್ಲ ಗೊತ್ತಿರಬೇಕಲ್ಲವೆ? ಹಾಗೆ.

ಹೆಸರು ಸೂಚಿಸುವ ಹಕ್ಕು ಕಂಡವರದು. ಇಂದಿಗೂ ಹಾಗೆಯೇ, ಅಂತರರಾಷ್ಟ್ರೀಯ ಸಂಸ್ಥೆ ಒಪ್ಪಬೇಕು, ಅಷ್ಟೆ. ಈಗ ನಂಬರು ಪಡೆದವು ಎಂಟು ಲಕ್ಷಕ್ಕೂ ಮೀರಿವೆ, ಹೆಚ್ಚಿನವಕ್ಕೆ ನಂಬರೇ ಹೆಸರು.

ಆ ವೀಕ್ಷಣಾಲಯದಲ್ಲಿ ಪೋಗ್ಸನ್ನರಿಗಿಂತ ಮೊದಲಿನಿಂದಲೂ ಒಬ್ಬ ಸಹಾಯಕರು ದುಡಿಯುತ್ತಿದ್ದರು, ಚಿಂತಾಮಣಿ ರಘುನಾಥಾಚಾರ್ಯರು. 1867ರಲ್ಲಿ ಅವರು ಬೆಳಕು ಏರಿಳಿಯುವ ಒಂದು ನಕ್ಷತ್ರ ಕಂಡುಹಿಡಿದರು. ಅಂಥ ನಕ್ಷತ್ರಕ್ಕೆ ಹೆಸರಿಡುವ ರೂಢಿಯಿಲ್ಲ; ‘ಆರ್ ರೆಟಿಕ್ಯುಲೈ’ ಎಂದು ಒಂದಕ್ಷರ ಹಚ್ಚಿ ಬಿಟ್ಟರು. ದೊರೆ ಕಂಡದ್ದಕ್ಕೆ ಹೆಸರು, ಸಹಾಯಕ ಕಂಡದ್ದಕ್ಕೆ ಅಕ್ಷರ! ಇದು ಶಾಸ್ತ್ರದ ನಿಯಮ, ಯಾರ ದ್ವೇಷವೂ ಅಲ್ಲ. ಆದರೂ ನನ್ನ ಮನಸ್ಸಿಗೆ ಒಂದಿಷ್ಟು ಚುಚ್ಚಿತು. 1874ರ ಶುಕ್ರಸಂಕ್ರಮವನ್ನು ಜನರಿಗೆ ತಿಳಿಸಲು ಈ ಆಚಾರ್ಯರು ಪುಸ್ತಿಕೆಯೊಂದನ್ನು ಬರೆದರು. ಅದು ಕನ್ನಡದಲ್ಲೂ ಬಂತು ಎಂಬುದನ್ನು ನಾವು ಮರೆಯಬಾರದು.

ಪೋಗ್ಸನ್ ಇಲ್ಲಿಂದ ಕೊನೆಯ ಕಿರುಗ್ರಹವನ್ನು ಕಂಡದ್ದು 1885ರಲ್ಲಿ. ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ಕಳೆದು, 1988ರ ಫೆಬ್ರವರಿ 17ರಂದು, ಬೆಂಗಳೂರಿನ ಖಭೌತ ಸಂಸ್ಥೆಯ ರಾಜಮೋಹನ್ ಕಾವಲೂರಿನಿಂದ ಇನ್ನೊಂದನ್ನು ಹಿಡಿದರು. ನಂಬರು 4130. ಅದಕ್ಕೆ ಬಂದ ಹೆಸರು, 1912ರಲ್ಲಿ ಇದೇ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಗೆ ಗುಮಾಸ್ತಗಿರಿಗೆ ಸೇರಿದ್ದ ರಾಮಾನುಜನ್ ಅವರದು.