ಅಗ್ಗದ ತಂತಿಯ ದುಬಾರಿ ಲೆಕ್ಕ



ನಮ್ಮ ದೇಶದಲ್ಲಿ ಇಂಟರ್ನೆಟ್ ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಅಂದಿನದು ಡಯಲ್-ಅಪ್. ಟೆಲಿಫೋನಿನ ತಂತಿಯಲ್ಲೇ ಅದರ ಸಂಚಾರ; ಅದು ನಡೆಯುವಷ್ಟು ಹೊತ್ತೂ ಅಂಗಡಿಯ ಫೋನು ಗಿರಾಕಿಗೆ ಸಿಗುತ್ತಿರಲಿಲ್ಲ. 2004ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿಯನ್ನು ಸಾರಿತು. ಸೆಕೆಂಡಿಗೆ 256 ಕಿಲೋಬಿಟ್ ಕನಿಷ್ಠ ವೇಗವೆಂದಿತು. ಬಡವರಿಗೆ ಅಗ್ಗದ ಡಯಲ್-ಅಪ್ಪೇ ಸಾಕೆಂಬ ಮಾತು ಆಗ ಸಹಜವಾಗಿ ತೋರಬಹುದಿತ್ತು.

ಲೆಕ್ಕ ಹಾಕೋಣ. ಡಯಲ್-ಅಪ್ಪಿನ ಅತಿ ಹೆಚ್ಚಿನ ವೇಗ 56 ಕಿಲೋಬಿಟ್. ಒಂದು ಮೆಗಾಬೈಟಿನ ಕಡತ ಇಳಿಯಲು ಎರಡು ನಿಮಿಷಕ್ಕೂ ಮಿಕ್ಕಿ ಬೇಕು; 256ರಲ್ಲಿ ಅರ್ಧ ನಿಮಿಷ. ಫೋನಿನ ಲೆಕ್ಕ ಹೊತ್ತಿನ ಮೇಲೆ. ಹಾಗಾಗಿ ನಿಧಾನಕ್ಕೆ ದಂಡ ತೆತ್ತವರು ಅಗ್ಗವೆಂದು ಕೊಂಡವರೇ!

ಇಂದು ನಮ್ಮ ಆಯ್ಕೆ ಮೊಬೈಲ್ ಪ್ಯಾಕಿಗೂ ಮನೆಗೆಳೆದ ಫೈಬರಿಗೂ ನಡುವೆ. ಪಾಠ ಮಾತ್ರ ಹಳೆಯದೇ. ಜಾಹೀರಾತು ವೇಗವನ್ನು ಬಿಟ್‌ನಲ್ಲಿ ಸಾರುತ್ತದೆ. ಕಡತದ ಅಳತೆ ಬೈಟ್‌ನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ನೂರು ಮೆಗಾಬಿಟ್ ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ. ಪಾವು ತೋರಿಸಿ ಸೇರೆಂದರೆ ಸಂತೆಯಲ್ಲಿ ನಾವು ಸುಮ್ಮನಿರುತ್ತೇವೆಯೇ?

2023ರ ಸರ್ಕಾರಿ ವ್ಯಾಖ್ಯೆಯಂತೆ 2 ಮೆಗಾಬಿಟ್ಟಿಗಿಂತ ಕಡಿಮೆಯದು ಬ್ರಾಡ್‌ಬ್ಯಾಂಡ್ ಎನಿಸದು. ಕೊಳ್ಳುವ ಮೊದಲು ಕೇಳೋಣ: ಸಂಜೆ ಎಲ್ಲರೂ ಬಳಸುವಾಗ ಎಷ್ಟು ವೇಗ? ಮಿತಿ ಮುಗಿದ ಮೇಲೆ ಎಷ್ಟು? ಒಬ್ಬರು ಕೇಳಿದರೆ ಗೊಣಗಾಟ. ಬೀದಿಯೇ ಕೇಳಿದರೆ ಹಕ್ಕೊತ್ತಾಯ. ಕೊಳ್ಳಲಾಗದವರಿಗೆ ಸಾರ್ವಜನಿಕ ಗ್ರಂಥಾಲಯದಲ್ಲಿ ಒಳ್ಳೆಯ ಸಂಪರ್ಕವಿರಲಿ. ಬೀದಿ ನಲ್ಲಿಯಂತೆ ಇದೂ ಎಲ್ಲರದಾಗಬೇಕು.